ಪಾರ್ಶ್ವವಾಯು ಮತ್ತು ರಕ್ತದ ಕಿಣ್ವಗಳು: ತಡವಾಗಿ ಬಂದ ಸಾಕ್ಷಿ

ಹೃದಯಾಘಾತವನ್ನು ರಕ್ತದ ಕಿಣ್ವದಿಂದ ಗುರುತಿಸುವ ದಾರಿ ತೆರೆದದ್ದು 1954ರಲ್ಲಿ. ಹೃದಯದ ಸ್ನಾಯು ಸತ್ತಾಗ ಎಸ್‌ಜಿಒಟಿ ಎಂಬ ಕಿಣ್ವ ರಕ್ತದಲ್ಲಿ ಏರುತ್ತದೆಂದು ನ್ಯೂಯಾರ್ಕಿನ ಲಾಡ್ಯೂ, ರೊಬ್ಲೆವ್ಸ್ಕಿ ಮತ್ತು ಕಾರ್ಮೆನ್ ಆ ವರ್ಷ ತೋರಿಸಿದರು. ಇಂದು ಲಿವರ್ ಪರೀಕ್ಷೆಯ ವರದಿಯಲ್ಲಿ ಕಾಣುವ ಎಸ್‌ಜಿಒಟಿ ಅದೇ. ಜೀವಕೋಶ ಸತ್ತರೆ ಒಳಗಿನ ಕಿಣ್ವ ಹೊರಬೀಳುತ್ತದೆ. ಹಾಗಿದ್ದರೆ ಲಕ್ವ ಹೊಡೆದಾಗ ಮೆದುಳಿನ ಕಿಣ್ವವೂ ಹೊರಬೀಳಬೇಕಲ್ಲ ಎಂದು ನರವೈದ್ಯರು ಕೇಳಿದ್ದು ಸಹಜವೇ.

ಉತ್ತರ ಅಷ್ಟು ಸಲೀಸಾಗಿ ಸಿಗಲಿಲ್ಲ. ಎಸ್‌ಜಿಒಟಿ, ಎಲ್‌ಡಿಎಚ್‌ನಂಥ ಕಿಣ್ವಗಳು ಯಕೃತ್ತು, ಸ್ನಾಯು, ಕೆಂಪು ರಕ್ತಕಣ ಎಲ್ಲೆಡೆಯೂ ಇವೆ. ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದಲ್ಲಿ ಮೆದುಳಿನದೇ ಎನ್ನಬಹುದಾದ ಬಿಬಿ ರೂಪ ಇತ್ತು ನಿಜ. ಆದರೆ ರಕ್ತ ಮತ್ತು ಮೆದುಳಿನ ನಡುವಿನ ತಡೆ ದಾಟಿ ಬರುವುದು ಅದರಲ್ಲಿ ತೀರ ಸ್ವಲ್ಪ, ಬಂದದ್ದೂ ಬೇಗ ಮಾಯ. ಲಕ್ವ ಹೊಡೆದು ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿದ್ದ ರೋಗಿಯ ಒತ್ತಿಹೋದ ತೊಡೆ ಅದಕ್ಕಿಂತ ಎಷ್ಟೋ ಹೆಚ್ಚು ಕ್ರಿಯಾಟಿನ್ ಕೈನೇಸನ್ನು ರಕ್ತಕ್ಕೆ ಸುರಿಯುತ್ತದೆ.

ಹೆಚ್ಚು ಭರವಸೆ ಹುಟ್ಟಿಸಿದ್ದು ಇನ್ನೊಂದು. 1965ರಲ್ಲಿ ಬ್ಲೇಕ್ ಮೂರ್ ಮತ್ತು ಮೆಕ್‌ಗ್ರೆಗರ್ ದನದ ಮೆದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ 14-3-2 ಎಂದು ಕರೆದರು. ಅದು ಗ್ಲೂಕೋಸನ್ನು ಒಡೆಯುವ ಸರಪಳಿಯ ಈನೊಲೇಸ್ ಕಿಣ್ವವೇ ಎಂದು 1975ರಲ್ಲಿ ಬಾಕ್ ಮತ್ತು ಡಿಸಿಂಗ್ ತೋರಿಸಿದರು. ನರಕೋಶದ ಈನೊಲೇಸ್, ಎನ್‌ಎಸ್‌ಇ, ಎಂಬ ಹೆಸರು ಆಮೇಲಿನದು. ಆ ಹೆಸರನ್ನು ಪೂರ್ತಿ ನಂಬುವಂತಿಲ್ಲ. ಕೆಂಪು ರಕ್ತಕಣ, ಪ್ಲೇಟ್‌ಲೆಟ್‌ಗಳಲ್ಲೂ ಅದು ಇದೆ. ರಕ್ತ ತೆಗೆಯುವಾಗ ಕಣಗಳು ಒಡೆದು ಸೀರಮ್ ಕೊಂಚ ಕೆಂಪಾದರೆ ಸಾಕು, ಮೆದುಳಿಗೆ ಏನೂ ಆಗದೆಯೇ ಅಂಕಿ ಏರುತ್ತದೆ.

ಅಷ್ಟರಲ್ಲಿ ವೈದ್ಯರಿಗೆ ಬೇಕಾದದ್ದೇ ಬೇರೆಯಾಗಿತ್ತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ಆಗಿತ್ತು. 1995ರಲ್ಲಿ ಹೆಪ್ಪು ಕರಗಿಸುವ ಟಿಪಿಎ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಲಾಭವೆಂದು ಅಮೆರಿಕದ ಅಧ್ಯಯನ ಹೇಳಿತು. 2008ರಲ್ಲಿ ಅವಧಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. ರಕ್ತಸ್ರಾವ ಆದವರಿಗೆ ಅದೇ ಔಷಧ ಪ್ರಾಣಕ್ಕೆ ಕುತ್ತು. ಹೆಪ್ಪೋ ಸ್ರಾವವೋ ಎಂಬುದನ್ನು ಸ್ಕ್ಯಾನ್ ತೋರಿಸುತ್ತದೆ, ಎನ್‌ಎಸ್‌ಇ ಹೇಳುವುದಿಲ್ಲ, ಅದು ಏರುವ ಹೊತ್ತಿಗೆ ಔಷಧದ ಗಡುವೂ ಮುಗಿದಿರುತ್ತದೆ. ಲಕ್ವವನ್ನು ಬೇಗ ಗುರುತಿಸಲೆಂದು ಜಿನೀವಾದ ತಂಡ 2005ರಲ್ಲಿ ಎನ್‌ಡಿಕೆಎ ಎಂಬ ಕಿಣ್ವವನ್ನು ಮುಂದಿಟ್ಟಿತು. ಬಾರ್ಸಿಲೋನಾದ ಮೊಂಟನೇರ್ ತಂಡದ ಕೆಲಸ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ರಕ್ತನಾಳದ ಗೋಡೆಯ ತಳಪದರವನ್ನು ಕೊರೆಯುವ ಎಂಎಂಪಿ-9 ಎಂಬ ಕಿಣ್ವ ಮೊದಲೇ ಹೆಚ್ಚಿದ್ದವರಲ್ಲಿ ಟಿಪಿಎ ಕೊಟ್ಟ ಮೇಲೆ ಮೆದುಳಿನೊಳಗೆ ರಕ್ತ ಸೋರುವ ಸಂಭವ ಜಾಸ್ತಿ ಎಂದು ಅವರು ತೋರಿಸಿದರು. ಆದರೂ ಯಾವ ಕಿಣ್ವವೂ ಸ್ಕ್ಯಾನಿನ ಜಾಗ ಹಿಡಿಯಲಿಲ್ಲ.

ರೋಗಿ ಉಳಿಯುವನೇ ಎಂಬ ಪ್ರಶ್ನೆಗೆ ಮಾತ್ರ ತಡವಾಗಿ ಬರುವ ಸಾಕ್ಷಿಯೂ ಉಪಯುಕ್ತ. ಲಕ್ವದಲ್ಲಿ ಎನ್‌ಎಸ್‌ಇ ಪ್ರಮಾಣಕ್ಕೂ ಸತ್ತ ಮೆದುಳಿನ ಗಾತ್ರಕ್ಕೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಈ ಕಿಣ್ವ ಗಟ್ಟಿಯಾಗಿ ನೆಲೆಯೂರಿದ್ದು ಪಕ್ಕದ ಕ್ಷೇತ್ರದಲ್ಲಿ, ಹೃದಯ ನಿಂತು ಇಡೀ ಮೆದುಳಿಗೇ ರಕ್ತ ತಪ್ಪಿ ಕೋಮಾಕ್ಕೆ ಜಾರಿದವರಲ್ಲಿ. 2006ರ ಅಮೆರಿಕದ ಮಾರ್ಗಸೂಚಿ ಮೊದಲ ಮೂರು ದಿನಗಳಲ್ಲಿ ಲೀಟರಿಗೆ 33 ಮೈಕ್ರೋಗ್ರಾಂ ದಾಟಿದರೆ ಚೇತರಿಕೆ ಅಸಂಭವವೆಂದು ಸೂಚಿಸಿತು. 2021ರ ಯುರೋಪಿನ ಮಾರ್ಗಸೂಚಿಯಲ್ಲಿ 48 ಅಥವಾ 72 ಗಂಟೆಯ ಗಡಿ 60ಕ್ಕೆ ಏರಿತು. ಅದೂ ಬೇರೆ ಪರೀಕ್ಷೆಗಳ ಜೊತೆಗೂಡಿಸಿ ಓದಬೇಕಾದದ್ದು.

ಮೊದಲಿನ ಗಡಿಯನ್ನು ಅನುಮಾನಿಸಲು ಕಾರಣವಿತ್ತು. ಅಂಕಿ ಹೆಚ್ಚೆಂದು ಚಿಕಿತ್ಸೆ ನಿಲ್ಲಿಸಿದರೆ ರೋಗಿ ಸಾಯುತ್ತಾನೆ, ಅಂಕಿ ಹೇಳಿದ್ದು ಸರಿ ಎಂದು ದಾಖಲಾಗುತ್ತದೆ. ಹಾಗಾಗಿಯೇ ಹೃದಯ ನಿಂತವರ ದೇಹದ ಉಷ್ಣತೆ ನಿಯಂತ್ರಿಸುವ ಚಿಕಿತ್ಸೆಯ ಬಗ್ಗೆ 2013ರಲ್ಲಿ ಪ್ರಕಟವಾದ ಟಿಟಿಎಂ ಪ್ರಯೋಗದಲ್ಲಿ ರಕ್ತದ ಮಾದರಿಗಳನ್ನು ಶೈತ್ಯದಲ್ಲಿಟ್ಟು, ಪ್ರಯೋಗ ಮುಗಿದ ಮೇಲಷ್ಟೇ ಎನ್‌ಎಸ್‌ಇ ಅಳೆದದ್ದು ಆ ಅಂಕಿಗಳಿಗೆ ಹೆಚ್ಚಿನ ತೂಕ ಕೊಟ್ಟಿತು. ಹಾಸಿಗೆಯ ಪಕ್ಕ ನಿಂತ ವೈದ್ಯರ ಕೈಗೆ ಆ ಫಲಿತಾಂಶ ತಲುಪಿರಲಿಲ್ಲ.