ಕ್ಷೌರದ ಕತ್ತಿಯೂ ಕಪ್ಪುಮರಳಿನ ಉಕ್ಕೂ

ನಾಣ್ಯ, ಶಾಸನ, ಓಲೆಗರಿಗಳನ್ನು ಅರಸಿ ತರುವವರು ನಮ್ಮ ನಾಡಿನಲ್ಲಿ ಉಂಟು. ಕ್ಷೌರದ ಕತ್ತಿಯನ್ನು ಅರಸುವವರು ವಿರಳ. ಪಶ್ಚಿಮದೇಶಗಳಲ್ಲಿಯಾದರೋ ಫ್ರಾನ್ಸಿನ ಹಳೆಯ ಮಡಿಸುಕತ್ತಿಗಳನ್ನು ಕೂಡಿಟ್ಟು, ಶುದ್ಧಿಮಾಡಿ ಕಾಪಾಡುವುದು ಒಂದು ವ್ಯಾಸಂಗವೇ ಆಗಿದೆ. ಆ ವ್ಯಾಸಂಗದ ಜಾಡನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಮಧುಗಿರಿ, ಕೊರಟಗೆರೆಗಳ ಹಳ್ಳಗಳ ಬಳಿಗೆ ಬಂದು ನಿಲ್ಲುವೆವು.

ಪ್ಯಾರಿಸ್ ನಗರದ ಕತ್ತಿಗಾರನಾದ ಜಾನ್ ಜಾಕ್ ಪೆರೆ ಎಂಬಾತನು ೧೭೬೯ರಲ್ಲಿ, ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ವಿದ್ಯೆಯ ಮೇಲೆ ಒಂದು ಗ್ರಂಥವನ್ನೇ ಬರೆದನು. ತಿಯೇರ್ ಎಂಬ ಊರಿನಲ್ಲಿ ದ್ಯುರೋಲ್ ನದಿಯ ನೀರು ಸಾಣೆಯ ಚಕ್ರಗಳನ್ನು ತಿರುಗಿಸುತ್ತಿದ್ದಿತು. ಸಾಣೆಗಾರರು ಹಲಗೆಯ ಮೇಲೆ ಬೋರಲು ಮಲಗಿ ಅಲಗುಗಳನ್ನು ಕಲ್ಲಿಗೆ ಒತ್ತುತ್ತಿದ್ದರು. ಚಳಿಗೆ ಮರಗಟ್ಟದಂತೆ ಕಾಲುಗಳ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರು. ಹಳೆಯ ಕತ್ತಿಯೊಂದರ ಹೊಳಪಿನ ಹಿಂದೆ ಇಂತಹ ದೇಹಶ್ರಮವು ಅಡಗಿರುವುದು.

ಆದರೆ ಅಲಗಿನ ಪ್ರಾಣವು ಉಕ್ಕು. ೧೭೯೪ರಲ್ಲಿ ಮುಂಬಯಿಯ ವೈದ್ಯನಾದ ಹೆಲೆನಸ್ ಸ್ಕಾಟನು ಲಂಡನ್ನಿನ ರಾಯಲ್ ಸೊಸೈಟಿಗೆ ಹಿಂದೂದೇಶದ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ನನು ಅವುಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದನು. ಅವರು ಅದನ್ನು ‘ವೂಟ್ಸ್’ ಎಂದು ಕರೆದರು. ಇದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ಲಂಡನ್ನಿನ ಕತ್ತಿಗಾರ ಜೇಮ್ಸ್ ಸ್ಟೋಡಾರ್ಟನು ಇದರಿಂದ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡಿ, ಇದು ಯೂರೋಪಿನ ಉಕ್ಕಿಗಿಂತ ಮೇಲೆಂದು ಸಾರಿದನು. ಮುಂದೆ ಅವನೂ ಮೈಕೇಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮಿಶ್ರಲೋಹಗಳನ್ನು ಪರೀಕ್ಷಿಸಿದರು. ಅದನ್ನು ಕಂಡು ಪ್ಯಾರಿಸ್ಸಿನ ಟಂಕಸಾಲೆಯ ಬ್ರೆಆಂ ಎಂಬಾತನು ತಾನೂ ಪ್ರಯೋಗಗಳನ್ನು ನಡೆಸಿ, ಉಕ್ಕಿನ ಮೈಮೇಲಿನ ಅಲೆಗೆರೆಗಳಿಗೆ ಇಂಗಾಲವೇ ಮುಖ್ಯ ಕಾರಣವೆಂದು ೧೮೨೩ರಲ್ಲಿ ತಿಳಿಸಿದನು.

ಇತ್ತ ೧೮೦೦ರಲ್ಲಿ ಮಧುಗಿರಿಯ ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಈ ವಿದ್ಯೆಯನ್ನು ಅದರ ತೌರಿನಲ್ಲಿಯೇ ನೋಡಿದನು. ಮಳೆಗಾಲದಲ್ಲಿ ಹಳ್ಳಗಳು ತಂದು ಹಾಕುವ ಕಪ್ಪುಮರಳನ್ನು ಜನರು ತೊಳೆದು ಕೂಡಿಡುತ್ತಿದ್ದರು. ವರ್ಷದ ಉಳಿದ ಕಾಲದಲ್ಲಿ ಅದನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಚನ್ನರಾಯನದುರ್ಗದ ಸೀಮೆಯಲ್ಲಿ ಆ ಕಬ್ಬಿಣದ ತುಂಡನ್ನು ಹಸಿಮಣ್ಣಿನ ಮೂಸೆಯಲ್ಲಿಟ್ಟು, ತಂಗಡಿಯ ಕಡ್ಡಿಯನ್ನೂ ಹಸುರೆಲೆಗಳನ್ನೂ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುವುದು. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ, ಇವುಗಳಿಗೆ ಈ ಉಕ್ಕು ಸಲ್ಲುತ್ತಿದ್ದಿತು. ಮಧುಗಿರಿ, ಪಾವಗಡಗಳ ದುರ್ಗಗಳನ್ನೂ, ೧೬೯೬ರಲ್ಲಿ ಕೆತ್ತಿದ ಕಲ್ಲಿನಿಂದ ಕಟ್ಟಿದ ಸಿರಾದ ಜುಮ್ಮಾ ಮಸೀದಿಯನ್ನೂ ನೋಡುವಾಗ ನಾವು ಉಳಿಯನ್ನು ನೆನೆಯಬೇಕು. ಉಳಿಯನ್ನು ನೆನೆದರೆ ಉಕ್ಕಿನವನನ್ನು ನೆನೆಯಬೇಕು.

ಹಳೆಯ ಕತ್ತಿಯನ್ನು ಉದ್ಧರಿಸುವ ಕ್ರಮದಲ್ಲಿಯೂ ಒಂದು ನೀತಿಯಿದೆ. ಕೆಂಪು ತುಕ್ಕು ಲೋಹವನ್ನು ತಿನ್ನುವುದು. ಅದನ್ನು ಎಣ್ಣೆಯಿಂದ ನೆನೆಸಿ ಮೆಲ್ಲನೆ ತೆಗೆಯಬೇಕು. ಕಾಲದಿಂದ ಬಂದ ಕಪ್ಪು ಛಾಯೆ ಅಲಗನ್ನು ಕಾಯುವುದು, ಅದನ್ನು ಉಳಿಸಬೇಕು. ಯಂತ್ರದ ಸಾಣೆಗೆ ಒಡ್ಡಿದರೆ ಅಲಗು ಕಾದು ನೀಲಿಯಾಗಿ ಅದರ ಹದ ಹೋಗುವುದು. ಹೋದ ಹದವನ್ನು ಯಾವ ಹೊಳಪೂ ತರಲಾರದು. ಮಸೆಯುವಾಗ ಬೆನ್ನನ್ನೂ ಬಾಯನ್ನೂ ಒಟ್ಟಿಗೆ ಕಲ್ಲಿನ ಮೇಲಿಡಬೇಕು, ಏಕೆಂದರೆ ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ನಿರ್ಣಯಿಸುವುದು. ಕೊಂಬಿನ, ದಂತದ, ಆಮೆಚಿಪ್ಪಿನ ಹಿಡಿಗಳನ್ನು ಬಿಸಿನೀರಿನಿಂದ ದೂರವಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯನ್ನು ಉಜ್ಜಿ ಅಳಿಸಬಾರದು. ಮುದ್ರೆ ಅಳಿಸಿದ ಕತ್ತಿ ಹರಿತವಾಗಿರಬಹುದು. ಆದರೆ ಅದು ಮಾತು ಬಾರದ ಸಾಕ್ಷಿ.

ತಿಯೇರಿನ ಕತ್ತಿಗಾರನಿಗೆ ಮುದ್ರೆ ಇದ್ದಿತು. ನಮ್ಮ ಉಕ್ಕಿನವನಿಗೆ ಯಾವ ಮುದ್ರೆಯೂ ಇರಲಿಲ್ಲ. ಹಡಗುಗಳಲ್ಲಿ ಅಗ್ಗದ ವಿಲಾಯಿತಿ ಕಬ್ಬಿಣವು ಬಂದಂತೆಲ್ಲ ಅವನ ಒಲೆಗಳು ಒಂದೊಂದಾಗಿ ಆರಿದುವು. ಒಲೆಯೊಡನೆ ಕೈಯ ಹದವೂ ಹೋಯಿತು. ಮಡಿಸುಕತ್ತಿಗೂ ಕಾಲ ತಪ್ಪಲಿಲ್ಲ: ಜಿಲೆಟ್ಟನು ೧೯೦೪ರಲ್ಲಿ ಸನ್ನದು ಪಡೆದ ತೆಳುವಾದ ಬ್ಲೇಡು ಅದನ್ನು ಮೂಲೆಗೆ ಸೇರಿಸಿತು. ಆದರೂ ಅದನ್ನು ಮೂಲೆಯಿಂದ ಎತ್ತಿ ಒರೆಸುವವರು ಉಂಟು. ಒಡೆದ ಮೂಸೆಯ ಚೂರಿಗೂ ಕಿಟ್ಟದ ಗಟ್ಟಿಗೂ ಅಂತಹವರು ಬೇಕು. ಹೊಲದಲ್ಲಿ ನೇಗಿಲಿಗೆ ತಗಲಿದ ಗಾಜಿನಂತಹ ಕರಿಯ ಕಲ್ಲನ್ನು ಬದುವಿನಾಚೆಗೆ ಎಸೆಯುವ ಮೊದಲು ಒಂದು ಗಳಿಗೆ ನೋಡೋಣ. ಹೆಸರನ್ನು ಬಿಟ್ಟುಹೋಗದ ಆ ಜನರು ಒತ್ತಿಹೋದ ಮುದ್ರೆ ಅದೊಂದೇ ಆಗಿರಬಹುದು.