ಜನ್ಮಜಾತ ವಪೆ ಹರ್ನಿಯಾ ಮತ್ತು ಮಕ್ಕಳ ಜಠರದ ತಿರುಚು: ‘ತಡ’ ಎಂಬ ಮಾತಿನ ಚರಿತ್ರೆ ಹಾಗೂ ಯಾದಗಿರಿ ಸೀಮೆ

ಎದೆ ಮತ್ತು ಹೊಟ್ಟೆಗಳ ನಡುವೆ ಕಮಾನಿನಂತೆ ಬಾಗಿ ನಿಂತು, ಪ್ರತಿ ಉಸಿರಿಗೂ ಇಳಿದು ಏರುವ ಸ್ನಾಯುವಿನ ತೆರೆಗೆ ವಪೆ ಎಂದು ಹೆಸರು. ಗರ್ಭದ ಎಂಟನೆಯ ವಾರದ ಸುಮಾರಿಗೆ ಮುಚ್ಚಿಕೊಳ್ಳಬೇಕಾದ ಅದರ ಹಿಂಬದಿಯ ಕಂಡಿ ಹಾಗೆಯೇ ಉಳಿದರೆ ಕರುಳು, ಜಠರ, ಗುಲ್ಮಗಳು ಎದೆಗೂಡಿಗೆ ಏರುತ್ತವೆ. ಬಲಗಡೆಗಿಂತ ಎಡಗಡೆಯ ಕಂಡಿ ತಡವಾಗಿ ಮುಚ್ಚುವುದರಿಂದ ದೋಷವು ಬಹುಪಾಲು ಎಡಕ್ಕೇ ಕಾಣುತ್ತದೆ. ಜನ್ಮಜಾತ ವಪೆ ಹರ್ನಿಯಾ ಎನಿಸಿಕೊಂಡ ಈ ದೋಷ ಸುಮಾರು 2,500ರಿಂದ 3,500 ಹೆರಿಗೆಗಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಕೂಸುಗಳಿಗೆ ಹುಟ್ಟಿದ ಗಳಿಗೆಯಲ್ಲೇ ಉಸಿರು ಕಟ್ಟುತ್ತದೆ. ಮೊದಲ ತಿಂಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ತೊಂದರೆ ತೋರುವ ಮಕ್ಕಳನ್ನು ವೈದ್ಯಶಾಸ್ತ್ರವು ‘ತಡವಾಗಿ ತೋರುವ’ ವರ್ಗಕ್ಕೆ ಸೇರಿಸುತ್ತದೆ. ಚರಿತ್ರೆಯ ಕ್ರಮದಲ್ಲಿ ಈ ‘ತಡ’ದ ರೂಪವೇ ಮೊದಲು ತಿಳಿದದ್ದು, ನವಜಾತ ಶಿಶುವಿನ ರೂಪವು ಆಮೇಲೆ ಕಣ್ಣಿಗೆ ಬಿದ್ದದ್ದು ಎಂಬುದು ಈ ಲೇಖನದ ವಾದ.

1679ರಲ್ಲಿ ಅಚ್ಚಾದ, ಲಜಾರ್ ರಿವಿಯೇರ್ ಹೆಸರಿನಲ್ಲಿರುವ ದಾಖಲೆಯು ಇಪ್ಪತ್ನಾಲ್ಕು ವರ್ಷದ ವ್ಯಕ್ತಿಯೊಬ್ಬನ ಶವಪರೀಕ್ಷೆಯದು. ಹುಟ್ಟಿನಿಂದಲೂ ಕಂಡಿಯಿದ್ದ ವಪೆಯನ್ನು ಹೊತ್ತು ಆತ ಹರೆಯದವರೆಗೂ ಬದುಕಿದ್ದ. 1701ರಲ್ಲಿ ಚಾರ್ಲ್ಸ್ ಹೋಲ್ಟ್ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದು ಎರಡು ತಿಂಗಳು ಬದುಕಿದ ಕೂಸಿನ ಸಂಗತಿ. ಹುಟ್ಟಿದ ಕೂಡಲೇ ತೀರಿಕೊಂಡ ಶಿಶುವಿನ ವಿವರವನ್ನು ಜಾರ್ಜ್ ಮೆಕಾಲೆ ಕೊಟ್ಟದ್ದು 1754ರಲ್ಲಿ. ಪ್ರಾಗ್ ನಗರದ ಅಂಗರಚನಾಶಾಸ್ತ್ರಜ್ಞ ವಿನ್ಸೆಂಟ್ ಬೊಖ್ಡಾಲೆಕ್ 1848ರಲ್ಲಿ ಹಿಂಬದಿಯ ಕಂಡಿಯನ್ನು ವಿವರಿಸಿದ; ಆತ ಊಹಿಸಿದ ಕಾರಣ ಮುಂದೆ ನಿಲ್ಲದಿದ್ದರೂ ಕಂಡಿಗೆ ಅವನ ಹೆಸರು ನಿಂತಿತು. ಶಸ್ತ್ರಚಿಕಿತ್ಸೆಯೂ ಇದೇ ಹಾದಿಯಲ್ಲಿ, ದೊಡ್ಡ ಮಕ್ಕಳಿಂದ ಎಳೆಯರತ್ತ, ಇಳಿದು ಬಂದಿತು: 1902ರಲ್ಲಿ ಹೈಡೆನ್‌ಹೈನ್ ಯಶಸ್ವಿಯಾಗಿ ಕಂಡಿ ಹೊಲಿದದ್ದು ಒಂಬತ್ತು ವರ್ಷದ ಹುಡುಗನಿಗೆ, 1929ರಲ್ಲಿ ಬೆಟ್‌ಮನ್ ಮತ್ತು ಹೆಸ್ ವರದಿ ಮಾಡಿದ್ದು ಮೂರೂವರೆ ತಿಂಗಳ ಕೂಸಿನ ಪ್ರಕರಣ, ಹುಟ್ಟಿ ಒಂದು ದಿನವೂ ತುಂಬದ ಶಿಶುವನ್ನು ರಾಬರ್ಟ್ ಗ್ರಾಸ್ ಬದುಕಿಸಿದ್ದು 1946ರಲ್ಲಿ. ನವಜಾತ ಶಿಶುವೇ ರೋಗದ ಮಾದರಿಯಾದ ಮೇಲೆ, ಮೊದಲು ತಿಳಿದಿದ್ದ ಮಕ್ಕಳು ‘ತಡ’ದವರಾದರು. ಆಸ್ಪತ್ರೆಯ ಹೆರಿಗೆ ಕೋಣೆಯ ಗಡಿಯಾರವನ್ನು ಅಳತೆಗಿಟ್ಟುಕೊಂಡು ಹುಟ್ಟಿದ ಹೆಸರಿದು.

ತಡವಾಗಿ ತೋರುವ ಮಕ್ಕಳಲ್ಲಿ ಕಂಡಿ ಹುಟ್ಟಿನಿಂದಲೇ ಇದ್ದರೂ ಗುಲ್ಮವೋ ಯಕೃತ್ತೋ ಅದಕ್ಕೆ ಬಿರಡೆಯಂತೆ ಅಡ್ಡ ನಿಂತಿರಬಹುದು, ಅಥವಾ ತೆಳುವಾದ ಪೊರೆಯೊಂದು ಅಂಗಗಳನ್ನು ತಡೆದಿರಬಹುದು. ಶ್ವಾಸಕೋಶಗಳು ಅಷ್ಟರಲ್ಲಿ ಚೆನ್ನಾಗಿ ಬೆಳೆದಿರುತ್ತವೆ. ಮುಂದೆ ಕೆಮ್ಮಿಗೋ, ವಾಂತಿಗೋ, ಹೊಟ್ಟೆಯೊಳಗಿನ ಒತ್ತಡ ಏರಿದಾಗ ಜಠರ ಮೇಲಕ್ಕೆ ಜಾರುತ್ತದೆ. ಜಠರವನ್ನು ವಪೆ, ಯಕೃತ್ತು, ಗುಲ್ಮ, ದೊಡ್ಡ ಕರುಳುಗಳಿಗೆ ಕಟ್ಟಿ ಹಿಡಿಯುವ ನಾಲ್ಕು ರಜ್ಜುಗಳು ಇಂಥ ಮಕ್ಕಳಲ್ಲಿ ಸಡಿಲವಾಗಿದ್ದರೆ, ಇಲ್ಲವೇ ಇರದಿದ್ದರೆ, ಜಠರವು ತನ್ನ ಉದ್ದದ ಅಕ್ಷದ ಮೇಲೋ ಅಡ್ಡ ಅಕ್ಷದ ಮೇಲೋ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ತಿರುವು 180 ಡಿಗ್ರಿ ದಾಟಿದರೆ ಬಾಯಿ ಕಡೆಯ ದಾರಿಯೂ ಕರುಳಿನ ಕಡೆಯ ದಾರಿಯೂ ಮುಚ್ಚಿ, ರಕ್ತ ಹರಿಯುವುದು ನಿಂತು, ಜಠರದ ಗೋಡೆ ಕೊಳೆಯತೊಡಗುತ್ತದೆ. ಈ ತಿರುಚನ್ನು ಬರ್ಟಿ 1866ರಲ್ಲಿ ಶವಪರೀಕ್ಷೆಯಲ್ಲಿ ಗುರುತಿಸಿದ. 1904ರಲ್ಲಿ ಬೋರ್ಖಾರ್ಟ್ ಅದರ ಮೂರು ಗುರುತುಗಳನ್ನು ಕೊಟ್ಟ: ಮೇಲ್ಹೊಟ್ಟೆಯ ನೋವು ಮತ್ತು ಉಬ್ಬರ, ಏನೂ ಹೊರಬಾರದ ಓಕರಿಕೆ, ಮೂಗಿನಿಂದ ಇಳಿಸಿದ ನಳಿಕೆ ಜಠರ ಮುಟ್ಟದಿರುವುದು. ಜಠರ ಎದೆಯಲ್ಲಿರುವ ಮಗುವಿನಲ್ಲಿ ಹೊಟ್ಟೆ ಉಬ್ಬುವ ಬದಲು ಒಳಸರಿದಂತೆಯೂ ಕಾಣಬಹುದಾದ್ದರಿಂದ, ದೊಡ್ಡವರನ್ನು ನೋಡಿ ಬರೆದ ಈ ಮೂರು ಗುರುತುಗಳು ಮಕ್ಕಳ ವಿಷಯದಲ್ಲಿ ಯಾವಾಗಲೂ ಸಾಲವು.

ಇದೇ ‘ತಡ’ದ ಮಾತನ್ನು ಯಾದಗಿರಿ ಸೀಮೆಗೂ ಹೊಂದಿಸಿ ನೋಡಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಈ ಸೀಮೆಗೆ ಆಧುನಿಕ ಶಸ್ತ್ರಚಿಕಿತ್ಸೆ ಬಂದ ದಾರಿ ಹೈದರಾಬಾದಿನದು. 1860ರಲ್ಲಿ ಸುರಪುರವು ನಿಜಾಮನ ಆಳ್ವಿಕೆಗೆ ಸೇರಿದಾಗ ರಾಜಧಾನಿಯಲ್ಲಿ 1846ರಲ್ಲಿ ಆರಂಭವಾದ ವೈದ್ಯಶಾಲೆ ಆಗಲೇ ನಡೆಯುತ್ತಿತ್ತು. ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ 1888 ಮತ್ತು 1889ರಲ್ಲಿ ಅಲ್ಲಿ ನಡೆದ ಎರಡು ಕ್ಲೋರೋಫಾರ್ಮ್ ಆಯೋಗಗಳು ಜಗತ್ತಿನ ಗಮನ ಸೆಳೆದವು. ಆದರೆ ವಪೆಯನ್ನು ಹೊಲಿಯಲು ಕ್ಲೋರೋಫಾರ್ಮಿನಂಥ ಅರಿವಳಿಕೆಯ ಮದ್ದೊಂದೇ ಸಾಲದು. ಎದೆಯೊಳಗಿನ ಒತ್ತಡ ಕಾಯ್ದು ಉಸಿರಾಡಿಸುವ ಶ್ವಾಸನಾಳದ ಕೊಳವೆಯೂ, 1942ರಿಂದ ಬಳಕೆಗೆ ಬಂದ ಸ್ನಾಯು ಸಡಿಲಿಸುವ ಮದ್ದೂ ಬೇಕಾದವು. ಮುಂಬಯಿ–ಮದ್ರಾಸು ರೈಲುಹಳಿ 1871ರಲ್ಲಿ ಯಾದಗಿರಿಯನ್ನು ಮುಟ್ಟಿತು, ಶಹಾಪುರ–ಸುರಪುರಗಳನ್ನು ಬಿಟ್ಟು ಹೋಯಿತು. ಕಲಬುರಗಿಯಲ್ಲಿ 1963ರಲ್ಲಿ ಎಂ.ಆರ್. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಯಾದಗಿರಿಯಿಂದ ದೊಡ್ಡ ಆಸ್ಪತ್ರೆಗೆ ಇದ್ದ ದಾರಿ ಸುಮಾರು ಎಂಬತ್ತು ಕಿಲೋಮೀಟರಿಗೆ ಇಳಿಯಿತು. 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಯಾದಗಿರಿಗೆ ತನ್ನದೇ ವೈದ್ಯಕೀಯ ಕಾಲೇಜು ದೊರೆತದ್ದು 2022ರಲ್ಲಿ. ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಹುಟ್ಟಿದೊಡನೆ ಉಸಿರು ಕಟ್ಟಿದ ಕೂಸು ಯಾವ ದಾಖಲೆಗೂ ಸೇರದೆ ಮಣ್ಣಾಗುತ್ತಿತ್ತು. ಇಂಥ ಸೀಮೆಗಳಲ್ಲಿ ಆಸ್ಪತ್ರೆಯ ಬಾಗಿಲು ಮುಟ್ಟಬಲ್ಲವರು ‘ತಡ’ದ ಮಕ್ಕಳೇ ಆಗಿದ್ದಿರಬೇಕು ಎಂದು ತರ್ಕಿಸುವುದು ತಪ್ಪಾಗದು. ಯುರೋಪಿನ ಹದಿನೇಳನೆಯ ಶತಮಾನಕ್ಕೂ ಅನ್ವಯಿಸುವ ತರ್ಕವೇ ಇದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನ ದೋಷಗಳೆಂದು ಪಟ್ಟಿ ಮಾಡಿದ ಒಂಬತ್ತರಲ್ಲಿ ಸೀಳುತುಟಿ, ವಕ್ರಪಾದ, ಹೃದಯದ ದೋಷಗಳಿವೆ, ವಪೆಯ ಹರ್ನಿಯಾ ಇಲ್ಲ. ಹೊರನೋಟಕ್ಕೆ ಸಿಗದ ಕಂಡಿಯನ್ನು ಅಂಗನವಾಡಿಯ ತಪಾಸಣೆಯಲ್ಲಿ ಹುಡುಕುವುದೂ ಸುಲಭವಲ್ಲ. ಹೀಗಾಗಿ ‘ಕೂಸಿಗೆ ದಮ್ಮು ಹತ್ಯಾದ’ ಎಂದು ಮನೆಯವರು ಎತ್ತಿಕೊಂಡು ಬಂದ ಮಗುವಿಗೆ ನ್ಯುಮೋನಿಯಾ ಎಂದೇ ಔಷಧಿ ಆರಂಭವಾಗುವುದು ಎಲ್ಲ ಕಡೆಯೂ ವರದಿಯಾಗಿರುವ ಸಂಗತಿ. ಅದಕ್ಕಿಂತ ಘೋರವಾದ ತಪ್ಪು ಇನ್ನೊಂದಿದೆ: ಎಕ್ಸ್‌ರೇಯಲ್ಲಿ ಎಡ ಎದೆಯ ತುಂಬ ಕಾಣುವ ಗಾಳಿಯ ಗುಳ್ಳೆ ಶ್ವಾಸಕೋಶದ ಹೊರಗೆ ಸೋರಿದ ಗಾಳಿಯೆಂದು ತೋರಿ, ಅದನ್ನು ತೆಗೆಯಲು ಚುಚ್ಚಿದ ಕೊಳವೆ ನೇರವಾಗಿ ಜಠರವನ್ನೇ ಸೀಳಬಹುದು. ಮುಖವಾಡದಿಂದ ಗಾಳಿ ಒತ್ತಿದರೂ ಜಠರ ಇನ್ನಷ್ಟು ಹಿಗ್ಗಿ ಹೃದಯವನ್ನು ಬಲಕ್ಕೆ ತಳ್ಳುತ್ತದೆ. ಸಮಯಕ್ಕೆ ಗುರುತು ಸಿಕ್ಕಿದ ಮಗುವಿನಲ್ಲಿ ಮಾತ್ರ, ಹೊಟ್ಟೆಯ ಕಡೆಯಿಂದ ಹೋಗಿ ತಿರುಚು ಬಿಡಿಸಿ, ಅಂಗಗಳನ್ನು ಕೆಳಗಿಳಿಸಿ, ಕರಗದ ದಾರದಿಂದ ಕಂಡಿ ಹೊಲಿದು, ಬೇಕಿದ್ದರೆ ಜಠರವನ್ನು ಹೊಟ್ಟೆಯ ಗೋಡೆಗೆ ಕಟ್ಟಿದರೆ, ಶ್ವಾಸಕೋಶ ಮೊದಲೇ ಬೆಳೆದಿರುವುದರಿಂದ ಫಲ ನವಜಾತರಿಗಿಂತ ಬಹಳ ಒಳ್ಳೆಯದು. ಈ ಮಕ್ಕಳ ಸಾವು ತಪ್ಪಿಸಬಹುದಾದ ಸಾವೆಂಬುದು ಇದರಿಂದಲೇ ಸ್ಪಷ್ಟ.

ಗುರುತಿಸಲು ಬೇಕಾದ ಮೊದಲ ಉಪಕರಣ ಬೋರ್ಖಾರ್ಟ್ ಹೇಳಿದ ಅದೇ ನಳಿಕೆ, ತಾಲ್ಲೂಕು ಆಸ್ಪತ್ರೆಯಲ್ಲೂ ದೊರೆಯುವಂಥದು. ಅದು ಇಳಿಯದೆ ತಡೆದರೆ ತಿರುಚನ್ನು ಶಂಕಿಸಬೇಕು. ಇಳಿದರೆ ಗಾಳಿ ಹೊರಬಂದು ಮಗುವಿನ ಉಸಿರು ಹಗುರಾಗುತ್ತದೆ, ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ನಳಿಕೆಯ ತುದಿ ವಪೆಯ ಮೇಲೆ, ಎಡ ಎದೆಯೊಳಗೆ, ಸುರುಳಿ ಸುತ್ತಿ ಕಾಣುತ್ತದೆ.