ಎತ್ತಿದ ಡಬ್ಬಿಗೆ ಊರುಗೋಲು



ಇಂದು ನಿಮಗೆ ಒಂದು ಕೋಲಿನ ಕತೆ ಹೇಳುವವನಿದ್ದೇನೆ. ಬಹಳ ಉದ್ದದ್ದಲ್ಲ, ಸೊಂಟಮಟ್ಟದ ಒಂದು ಕೋಲು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡ್ರಿ, ಚಕ್ಕಡಿ ನಿಲ್ಲಿಸಿ ಎತ್ತು ಬಿಚ್ಚುವ ಮುಂಚೆ ಅವರು ಏನು ಮಾಡುತ್ತಿದ್ದರು? ಮೊದಲು ಗಾಲಿಗೆ ಒಂದು ಕಲ್ಲು ಕೊಡುತ್ತಿದ್ದರು. ಆಮೇಲೆ ಮೂಕಿಯ ಕೆಳಗೆ ಒಂದು ಊರುಗೋಲು ನಿಲ್ಲಿಸುತ್ತಿದ್ದರು. ಅದಾದ ಮೇಲೆಯೇ ನೊಗದಿಂದ ಎತ್ತು ಬಿಚ್ಚುವದು. ಅವಸರ ಎಷ್ಟೇ ಇರಲಿ, ಈ ಕ್ರಮ ತಪ್ಪುತ್ತಿರಲಿಲ್ಲ.

ಯಾಕೆ? ಚಕ್ಕಡಿ ಎಂಬುದು ಅಚ್ಚಿನ ಮೇಲೆ ತೂಗುವ ತಕ್ಕಡಿ ಇದ್ದ ಹಾಗೆ. ಹೇರು ಮುಂದೆ ಹೆಚ್ಚಾದರೆ ಮುಂದೊಜ್ಜೆ. ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಹೆಚ್ಚಾದರೆ ಹಿಂದೊಜ್ಜೆ; ಮೂಕಿ ಮೇಲಕ್ಕೆ ಹಾರುತ್ತದೆ, ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತದೆ. ಎತ್ತು ಬಿಚ್ಚಿದ ಗಳಿಗೆಯಲ್ಲಿ ಆ ತಕ್ಕಡಿಯನ್ನು ಹಿಡಿಯುವವರು ಯಾರೂ ಇರುವದಿಲ್ಲ. ಆಗ ಹಿಡಿಯುವದು ಆ ಕೋಲು ಒಂದೇ.

ಈಗ ಚಕ್ಕಡಿಗಳು ಕಡಿಮೆಯಾಗಿವೆ. ಟ್ರ್ಯಾಕ್ಟರು ಬಂದಿದೆ, ಅದರ ಹಿಂದೆ ಎಣ್ಣೆಯ ಬಲದಿಂದ ಎತ್ತಿ ಸುರಿಯುವ ಟ್ರೇಲರು ಬಂದಿದೆ. ಆದರೆ ಆ ಕೋಲು ಎಲ್ಲಿ ಹೋಯಿತು? ಇದೇ ಇಂದಿನ ಪ್ರಶ್ನೆ.

ಎತ್ತಿ ಸುರಿಯುವ ಕಲ್ಪನೆ ನಮಗೆ ಹೊಸದಲ್ಲ. ತಿಪ್ಪೆಗೊಬ್ಬರ ಹೊಲಕ್ಕೆ ಒಯ್ದಾಗ ಎತ್ತು ಬಿಚ್ಚಿ, ಇಬ್ಬರು ನೊಗಕ್ಕೆ ಕೈ ಹಚ್ಚಿ ಮೇಲೆತ್ತಿದರೆ ಚಕ್ಕಡಿಯ ಹಿಂಭಾಗ ನೆಲಕ್ಕೆ ತಾಗುತ್ತಿತ್ತು. ಹಿಂದಿನ ತಟ್ಟಿ ತೆಗೆದರೆ ಗೊಬ್ಬರದಲ್ಲಿ ಒಂದಷ್ಟು ತಾನೇ ಜಾರುತ್ತಿತ್ತು; ಉಳಿದದ್ದು ಸಲಿಕೆಗೆ. ಕೆರೆಯ ಮಣ್ಣು, ಕಲ್ಲು ಮಾತ್ರ ಪೂರ್ತಿ ತೋಳಿನ ಕೆಲಸ. ಹೇರುವಾಗ ಒಮ್ಮೆ ಬೆನ್ನು ಬಾಗಿತು, ಇಳಿಸುವಾಗ ಮತ್ತೊಮ್ಮೆ. ಜಾಲಿ ಕಟ್ಟಿಗೆಯ ಗಾಲಿ ಮಾಡಿಕೊಟ್ಟವನು ಊರ ಬಡಿಗ, ಅದಕ್ಕೆ ಕಬ್ಬಿಣದ ಹಳಿ ಕಾಯಿಸಿ ತೊಡಿಸಿದವನು ಊರ ಕಂಬಾರ. ಎಷ್ಟು ಹೇರಿದರೆ ಅಚ್ಚು ತಡೆಯುತ್ತದೆ ಎಂಬ ಲೆಕ್ಕ ಅವರಿಬ್ಬರ ಕೈಯಲ್ಲಿಯೇ ಇತ್ತು.

ಅನಂತರ ಗಾಳಿ ತುಂಬಿದ ಟಾಯರು ಬಂತು. ಅದನ್ನು ಸೈಕಲ್ಲಿಗೆ ಹಾಕಿ 1888ರಲ್ಲಿ ಬಳಕೆಗೆ ತಂದವನು ಜಾನ್ ಬಾಯ್ಡ್ ಡನ್ಲಪ್ ಎಂಬ ದನದ ಡಾಕ್ಟರು. ಮುಂದೆ ಎತ್ತಿನ ಗಾಡಿಗೂ ಟಾಯರು ಹತ್ತಿತು. ಅನೇಕ ಊರುಗಳಲ್ಲಿ ಆ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರಾಯಿತು. ಎತ್ತಿಗೆ ಎಳೆಯಲು ಹಗುರ, ಹೇರು ಹೆಚ್ಚು. ಆದರೆ ಇಲ್ಲೊಂದು ಪಾಠವಿತ್ತು. ಹಳಿ ಗಾಲಿ ನೆಲ ಕಚ್ಚಿ ನಡೆಯುತ್ತಿತ್ತು. ಟಾಯರು ಗಾಲಿ ಸರಾಗ ಉರುಳುವದು. ಇಳಿಜಾರಿಗೆ ಬಂದಾಗ ಆ ಹೇರೆಲ್ಲ ಎತ್ತಿನ ಹೆಗಲಿಗೇ ಬಂದು ಒತ್ತುತ್ತಿತ್ತು, ಬ್ರೇಕು ಇರದ ಗಾಡಿಯಲ್ಲಂತೂ ಹೇಳುವದೇ ಬೇಡ. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಾನುಗಟ್ಟಲೆ ದುಡಿದದ್ದು ಇಂಥ ಕಷ್ಟಗಳನ್ನು ಕಂಡೇ. ಒಂದು ಕಡೆ ಅನುಕೂಲ ಮಾಡಿಕೊಂಡರೆ ಇನ್ನೊಂದು ಕಡೆ ಅಪಾಯ ಸರಿದು ಕೂಡ್ರುತ್ತದೆ. ಎಲ್ಲಿ ಕೂತಿತು ಎಂದು ಹುಡುಕುವದು ಒಕ್ಕಲಿಗನ ಕೆಲಸ.

ಇನ್ನು ಎಣ್ಣೆಯ ಬಲದ ಮಾತು. ಒಂದು ಸಣ್ಣ ಪಿಚಕಾರಿ, ಒಂದು ದೊಡ್ಡ ಪಿಚಕಾರಿ, ನಡುವೆ ಒಂದು ನಳಿಕೆ ಎಂದು ತಿಳಿಯಿರಿ. ಸಣ್ಣದನ್ನು ಒತ್ತಿದರೆ ದೊಡ್ಡದು ನಿಧಾನವಾಗಿ, ಆದರೆ ಹೆಚ್ಚಿನ ಬಲದಿಂದ ಮೇಲೇಳುತ್ತದೆ. ತುಂಬಿಟ್ಟ ದ್ರವದ ಮೇಲೆ ಒತ್ತಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆಂದು ತಿಳಿಸಿದವನು 17ನೆಯ ಶತಮಾನದ ಫ್ರಾನ್ಸಿನ ಪಾಸ್ಕಲ್. ಅದರಿಂದ ಭಾರೀ ಒತ್ತುಯಂತ್ರ ಮಾಡಿ 1795ರಲ್ಲಿ ಹಕ್ಕು ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಇದನ್ನು ಸಣ್ಣ ಟ್ರ್ಯಾಕ್ಟರಿಗೆ ಅಳವಡಿಸಿ ಹೊಲದ ಕೆಲಸಕ್ಕೆ ಹಚ್ಚಿದವರಲ್ಲಿ ಮುಖ್ಯನಾದವನು ಐರ್ಲೆಂಡಿನ ಒಬ್ಬ ಒಕ್ಕಲಿಗನ ಮಗ, ಹ್ಯಾರಿ ಫರ್ಗ್ಯೂಸನ್. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವನ ಹೆಸರಿನ ಸಣ್ಣ ಬೂದುಬಣ್ಣದ ಟ್ರ್ಯಾಕ್ಟರು ತಯಾರಾಗತೊಡಗಿತು. ಟ್ರ್ಯಾಕ್ಟರಿನ ಎಣ್ಣೆಯಿಂದಲೇ ಏಳುವ ಎರಡು ಗಾಲಿಯ ಟ್ರೇಲರೂ ಅವನ ಉಪಕರಣಗಳಲ್ಲಿ ಒಂದು. ಅದರ ಅಚ್ಚನ್ನು ಅವನು ಬೇಕೆಂದೇ ಹಿಂದಕ್ಕೆ ಸರಿಸಿದ್ದನು. ಹೇರಿನ ಒಂದು ಪಾಲು ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಬಿದ್ದು ಅವು ನೆಲ ಕಚ್ಚಿ ಹಿಡಿಯಲಿ ಎಂಬುದು ಅವನ ಉಪಾಯ. ನೋಡಿದಿರಾ? ನಮ್ಮ ಹಿರಿಯರ ಮುಂದೊಜ್ಜೆಯ ಲೆಕ್ಕವೇ ಅದು!

ನಮ್ಮ ದೇಶದಲ್ಲಿ ಟ್ರ್ಯಾಕ್ಟರು ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರಖಾನೆಯಿಂದ ಆರಂಭವಾಯಿತು. 1960ರ ದಶಕದಲ್ಲಿ ಮದ್ರಾಸಿನ ಟ್ಯಾಫೆ, ಮುಂಬಯಿಯ ಮಹೀಂದ್ರಾ ಬಂದವು. ಟ್ರ್ಯಾಕ್ಟರು ಕಾರಖಾನೆಯಿಂದ ಬಂದರೂ ಟ್ರೇಲರು ಮಾತ್ರ ಬಹಳ ಸಲ ಹತ್ತಿರದ ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲೇ ಹುಟ್ಟಿತು. ಬಡಿಗ-ಕಂಬಾರರ ಜಾಗಕ್ಕೆ ವೆಲ್ಡರ್ ಬಂದನು. ಅದು ಒಳ್ಳೆಯದೇ, ಬೇಕಾದಂತೆ ಮಾಡಿಸಿಕೊಳ್ಳಬಹುದು. ಆದರೆ ಅಚ್ಚು ಎಷ್ಟು ತಡೆಯುತ್ತದೆ ಎಂಬ ಹಳೆಯ ಲೆಕ್ಕ ಈ ದಾಟುವಿಕೆಯಲ್ಲಿ ಕೆಲವೆಡೆ ಕೈತಪ್ಪಿತು.

ಈಗ ನಮ್ಮ ಕೃಷ್ಣೆಯ ದಂಡೆಗೆ ಬರೋಣ. ಜಮಖಂಡಿ ಸೀಮೆ ಹಿಂದೆ ಪಟವರ್ಧನ ಅರಸರ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದರೂ ಹೊಳೆಯ ಸ್ವಭಾವ ಬದಲಾಗಲಿಲ್ಲ. ಮಳೆಗಾಲದಲ್ಲಿ ದಂಡೆ ಮೀರಿ ಹರಿದು, ಬೇಸಿಗೆಯಲ್ಲಿ ಬತ್ತುತ್ತಿತ್ತು. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು, ಸರಕಾರದ ದಾರಿ ಕಾಯದೆ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು. ಸಂಘಟನೆ ಕೃಷ್ಣಾ ತೀರ ರೈತ ಸಂಘ. ಆ ನೀರಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಬೆವರ ಹನಿಯಿಂದಾದ ಸಾಗರ! ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರೇ ಬಿತ್ತು. 1991ರಲ್ಲಿ ಜನ ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದರು.

ನೀರು ನಿಂತಿತು, ಕಬ್ಬು ಬೆಳೆಯಿತು. ಕಬ್ಬು ಎಂದರೆ ಭಾರ. ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಮುಧೋಳ, ಹೀಗೆ ಸುತ್ತಮುತ್ತ ಸಕ್ಕರೆ ಕಾರಖಾನೆಗಳು. ಸುಗ್ಗಿಯಲ್ಲಿ ರಸ್ತೆಯ ತುಂಬ ಟ್ರ್ಯಾಕ್ಟರು. ಹೊಲಕ್ಕೆ ಗೊಬ್ಬರ ಬೇಕು, ದಾರಿಗೆ ಗರಸು ಬೇಕು, ಮನೆಗೆ ಉಸುಕು-ಕಲ್ಲು ಬೇಕು. ಹೀಗಾಗಿ ಎತ್ತಿ ಸುರಿಯುವ ಟ್ರೇಲರು ನಮ್ಮ ಮನೆಯ ಆಳಾಯಿತು. ನಾಲ್ಕು ಮಂದಿ ಸಲಿಕೆ ಹಿಡಿದು ಗಂಟೆಗಟ್ಟಲೆ ಇಳಿಸುತ್ತಿದ್ದದ್ದು ಎರಡು ಮಿನಿಟಿನಲ್ಲಿ ಇಳಿಯುತ್ತದೆ. ಬೆನ್ನಿನ ಕಷ್ಟ ಹೋಯಿತು. ಹಾಗಾದರೆ ಅಪಾಯ ಎಲ್ಲಿ ಸರಿದು ಕೂತಿತು? ಎತ್ತಿದ ಡಬ್ಬಿಯ ಕೆಳಗೆ.

ನೋಡ್ರಿ, ಮೇಲೆದ್ದ ಡಬ್ಬಿಯನ್ನು ಹಿಡಿದು ನಿಂತದ್ದು ಜಾಕಿನೊಳಗಿನ ಎಣ್ಣೆ. ನಳಿಕೆ ಒಡೆಯಿತು, ಇಲ್ಲವೆ ಯಾರದೋ ಕೈ ಹಿಡಿಕೆಗೆ ತಾಗಿತು ಎಂದರೆ ಎಣ್ಣೆ ಹಿಂದಕ್ಕೆ ಹರಿಯುತ್ತದೆ, ಡಬ್ಬಿ ಬೀಳುತ್ತದೆ. ಗ್ರೀಸು ಹಚ್ಚಲು ಕೆಳಗೆ ಬಗ್ಗಿದವನಿಗೆ ಕೂಗಲೂ ಹೊತ್ತು ಸಿಗುವದಿಲ್ಲ. ಆದ್ದರಿಂದ ಮೊದಲ ಸುಧಾರಣೆ ಇದೇ ಆಗಲಿ. ಟ್ರೇಲರಿನ ಚಾಸಿಗೇ ಕೀಲು ಹಾಕಿ ಗಟ್ಟಿ ಉಕ್ಕಿನ ಊರುಗೋಲು ಕೂಡಿಸಿರಿ. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಎತ್ತಿರಿ, ಪಕ್ಕದಲ್ಲಿ ನಿಂತು ಊರುಗೋಲು ಏರಿಸಿರಿ, ಡಬ್ಬಿ ಅದರ ಮೇಲೆ ಕೂಡ್ರುವವರೆಗೆ ಇಳಿಸಿರಿ, ಎಂಜಿನು ಬಂದು ಮಾಡಿರಿ. ಆಮೇಲೆಯೇ ಕೆಳಗೆ ಕೈ. ಅದು ಖಾಲಿ ಡಬ್ಬಿಗೆ ಆಧಾರ. ತುಂಬಿದ ಡಬ್ಬಿಯ ಕೆಳಗೆ ಯಾವ ಕೋಲು ಇದ್ದರೂ ಹೋಗಕೂಡದು.

ಎರಡನೆಯದು ಹಲಗೆಯ ಮಾತು. ವೆಲ್ಡಿಂಗ್ ಅಂಗಡಿಯಲ್ಲಿ ಇದು ದಿನವೂ ನಡೆಯುವ ಸಂವಾದ:

“ಕಾಕಾ, ಹಲಗಿ ಇನ್ನೊಂದು ಫೂಟು ಏರಸೂಣು. ಒಂದ ಖೇಪಿನಾಗ ಕೆಲಸಾ ಮುಗೀತೈತಿ.”

“ಏರಸ್ತೀನಿ ತಮ್ಮಾ, ಆದರ ಏನ ಹೇರಾಂವ ನೀ?”

ಕಾಕಾ ಕೇಳಿದ್ದೇ ಸರಿಯಾದ ಪ್ರಶ್ನೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಡಬ್ಬಿಯಲ್ಲಿ 120 ಘನ ಅಡಿ ಹಿಡಿಯುತ್ತದೆ. ಒಂದು ಅಡಿ ಏರಿಸಿದರೆ 60 ಘನ ಅಡಿ ಹೆಚ್ಚು. ಒಣ ತಿಪ್ಪೆಗೊಬ್ಬರ ಘನ ಅಡಿಗೆ ಸುಮಾರು 15 ಕಿಲೊ ಎಂದು ಹಿಡಿಯಿರಿ. ಹೆಚ್ಚಿದ ಭಾರ 900 ಕಿಲೊ. ಹಸಿ ಮಣ್ಣು ಘನ ಅಡಿಗೆ 45 ಕಿಲೊ. ಹೆಚ್ಚಿದ ಭಾರ 2,700 ಕಿಲೊ! ಏರಿಸುವ ಮೊದಲೇ ಮಣ್ಣು ತುಂಬಿದ ಆ ಡಬ್ಬಿಯಲ್ಲಿ 5,400 ಕಿಲೊ ಇತ್ತು. ಅಚ್ಚು, ಟಾಯರು, ಜಾಕು, ಬ್ರೇಕು ಯಾವುದೂ ಬೆಳೆಯಲಿಲ್ಲ. ಬೆಳೆದದ್ದು ಹಲಗೆ ಮಾತ್ರ. ಆದ್ದರಿಂದ ಏರಿಸುವ ಹಲಗೆಯನ್ನು ವೆಲ್ಡ್ ಮಾಡಿಸಬೇಡಿ, ಗೂಟ-ಕೀಲು ಇಟ್ಟು ತೆಗೆಯಲು ಬರುವಂತೆ ಮಾಡಿಸಿರಿ. ಗೊಬ್ಬರ, ಹೊಟ್ಟು, ರವದಿ ಹೇರುವಾಗ ಹಾಕಿರಿ. ಮಣ್ಣು, ಕಲ್ಲು, ಉಸುಕಿಗೆ ತೆಗೆದಿಡಿರಿ. ಟ್ರೇಲರು ಮಾಡಿದವನು ಹೇಳಿದ ಭಾರವನ್ನು ಡಬ್ಬಿಯ ಮೇಲೆ ಬಣ್ಣದಿಂದ ಬರೆಯಿಸಿರಿ.

ಮೂರನೆಯದು, ಜಾಕಿನ ಜಾಗ ಬದಲಿಸುವದು, ಡಬ್ಬಿ ಇನ್ನೂ ಎತ್ತರ ಏಳಲೆಂದು ಉದ್ದನೆಯ ಜಾಕು ಹಾಕುವದು. ಇದನ್ನು ಅಂದಾಜಿನ ಮೇಲೆ ಮಾಡಿಸಬೇಡಿ. ಬಲ ಬೀಳುವ ಬಿಂದು ಸರಿದರೆ ಚಾಸಿ ಬಾಗುತ್ತದೆ, ಬೆಸುಗೆ ಬಿಡುತ್ತದೆ. ಸೋರುವ ನಳಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ. ಹಾಗಾದರೆ ನೋವು ಇರಲಿ ಬಿಡಲಿ ತಕ್ಷಣ ದವಾಖಾನೆಗೆ ಹೋಗಬೇಕು.

ಸುರಿಯುವ ಜಾಗವೂ ಮುಖ್ಯ. ನಮ್ಮದು ಎರಿ ಭೂಮಿ. ಹಸಿಯಾದರೆ ಒಂದು ಕಡೆಯ ಗಾಲಿ ಹುಗಿಯುತ್ತದೆ. ಡಬ್ಬಿ ಎದ್ದಾಗ ಭಾರವೂ ಮೇಲೇರುತ್ತದೆ, ಸ್ವಲ್ಪ ವಾಲಿದರೂ ಮಗುಚುತ್ತದೆ. ಆದ್ದರಿಂದ ಗಟ್ಟಿ ಸಪಾಟು ನೆಲ, ಟ್ರ್ಯಾಕ್ಟರು-ಟ್ರೇಲರು ಒಂದೇ ಸಾಲಿನಲ್ಲಿ. ಹಿಂಬಾಗಿಲಿನ ಕೀಲನ್ನು ಪಕ್ಕದಿಂದ ತೆಗೆಯಿರಿ, ಹಿಂದೆ ಯಾರೂ ಬೇಡ. ತಲೆಯ ಮೇಲೆ ನೋಡಿರಿ: 10 ಅಡಿಯ ಡಬ್ಬಿ 45 ಡಿಗ್ರಿ ಎದ್ದರೆ ಅದರ ಮುಂದಿನ ತುದಿ 7 ಅಡಿ ಮೇಲೇರಿ, ನೆಲದಿಂದ 12 ಅಡಿಯ ಹತ್ತಿರ ನಿಲ್ಲುತ್ತದೆ. ಪಂಪಸೆಟ್ಟಿಗೆ ಹೋದ ಜೋತುಬಿದ್ದ ವಿದ್ಯುತ್ ತಂತಿಗೆ ಅದು ತಾಗಬಹುದು. ಡಬ್ಬಿ ಕೆಳಗಿಳಿಯದೆ ಟ್ರ್ಯಾಕ್ಟರು ಮುಂದೆ ಓಡಿಸಬೇಡಿ. ರಾತ್ರಿ ರಸ್ತೆಗೆ ಹೋಗುವ ಟ್ರೇಲರಿನ ಹಿಂದೆ ಕೆಂಪು ಹೊಳೆಯುವ ಪಟ್ಟಿ ಇರಲಿ, ದೀಪವಿರಲಿ.

ತಾಯಂದಿರೆ, ನಿಮಗೊಂದು ಮಾತು. ಡಬ್ಬಿ ಎತ್ತುವಾಗ ಮಕ್ಕಳಿಗೆ ಅದು ಜಾತ್ರೆಯ ನೋಟ. ಅವರನ್ನು ಕೈಹಿಡಿದು ದೂರ ನಿಲ್ಲಿಸಿರಿ. ಮನೆಯ ಯಜಮಾನ ಊರುಗೋಲು ಹಾಕದೆ ಕೆಳಗೆ ಬಗ್ಗಿದರೆ ತಡೆದು ಕೇಳಿರಿ. ಕೇಳುವ ಹಕ್ಕು ನಿಮಗಿದೆ.

ಚಿಕ್ಕಪಡಸಲಗಿಯಲ್ಲಿ ರೈತರು ಕೃಷ್ಣೆಯನ್ನೇ ತಡೆದು ನಿಲ್ಲಿಸಿದರು. ಅದಕ್ಕೆ ಹುರುಪು ಬೇಕಿತ್ತು ನಿಜ. ಆದರೆ ಕೇವಲ ಹುರುಪಿಗೆ ಹೊಳೆ ನಿಲ್ಲುವದಿಲ್ಲ. ಅಳತೆ ತಪ್ಪಿದ ಗೋಡೆಯನ್ನು ನೀರು ಉಳಿಸುವದಿಲ್ಲ. ನಮ್ಮ ಕೈಯಿಂದ ನಾವೇ ಮಾಡಿಕೊಳ್ಳುವ ಆ ಛಲ ಟ್ರೇಲರಿನ ಕೆಲಸದಲ್ಲೂ ಇರಲಿ, ಜೊತೆಗೆ ಅಳತೆಯೂ ಇರಲಿ. ಅಜ್ಜ ಎತ್ತು ಬಿಚ್ಚುವ ಮುಂಚೆ ಕೋಲು ಹುಡುಕುತ್ತಿದ್ದ. ಮೊಮ್ಮಗ ಡಬ್ಬಿಯ ಕೆಳಗೆ ಬಗ್ಗುವ ಮುಂಚೆ ಅದೇ ಕೋಲು ಹುಡುಕಲಿ.